ಘಣಸೋಲಿಯ ಆಲೂಗಡ್ಡೆ ಕಾಯಿ

ಘಣಸೋಲಿಯಲ್ಲಿ ಠಾಣೆಯ ಬಸ್ಸಿಗೆ ಕಾಯುತ್ತಿದ್ದೆ. ಬಸ್‌ಸ್ಟಾಪಿನ ಹಿಂದೆ ಕಟ್ಟಡವೊಂದು ಏಳುತ್ತಿತ್ತು. ಅಲ್ಲಿ ಕೆಲಸ ಮಾಡುವವರ ತಗಡಿನ ಮನೆಯ ಮುಂದೆ ಪುಟ್ಟ ತರಕಾರಿ ಮಡಿ. ನಾನು ಫೋನಿನಲ್ಲಿ ಆಡಿದ ಕನ್ನಡ ಕೇಳಿ ಆ ಮನೆಯ ಹೆಂಗಸು ಕರೆದಳು. ವಿಜಯಪುರದ ಕಡೆಯವಳು, ಶಾಂತವ್ವ.

“ಅಕ್ಕಾರ, ಬಟಾಟಿ ಗಿಡಕ್ಕ ಟೊಮೆಟೊದಂಥಾ ಕಾಯಿ ಬಿಟ್ಟಾವ ನೋಡ್ರಿ. ಊರಾಗ ಒಮ್ಮಿನೂ ಕಂಡಿಲ್ಲ.”

ನಮ್ಮ ಕಡೆಯ ಗಿಡ್ಡ ಹಗಲಿನಲ್ಲಿ ಆಲೂಗಡ್ಡೆಯ ಮೊಗ್ಗು ಅರಳುವ ಮೊದಲೇ ಉದುರುತ್ತದೆ. ಹೂವು, ಕಾಯಿ, ಬೀಜಕ್ಕೆ ಉದ್ದ ಹಗಲು ಬೇಕು. ಎರಡು ವರ್ಷದಿಂದ ಸಸ್ಯಶಾಸ್ತ್ರದಲ್ಲಿ ನಾನು ಓದುತ್ತಿರುವುದು ಇದನ್ನೇ. ಧೂಳು ಮೆತ್ತಿದ ಎಲೆಗಳನ್ನು ಬಗ್ಗಿಯೂ ನೋಡದೆ, “ಇಲ್ಲಿ ಆಲೂಗಡ್ಡೆ ಕಾಯಿ ಬಿಡುವುದಿಲ್ಲ. ಇದು ವಿಷದ ಕಳೆ, ಕಿತ್ತುಹಾಕಿ” ಎಂದೆ.

“ಅಯ್ಯ ಶಿವನ! ಕೂಸು ಬಾಯಾಗ ಇಟ್ಕೊಂಡಿದ್ರ?” ಎಂದವಳೇ ಇದ್ದ ಮೂರೂ ಗಿಡ ಕಿತ್ತಳು. ಬೇರಿನಲ್ಲಿ ಗೋಲಿಯಷ್ಟು ಆಲೂಗಡ್ಡೆಗಳು ತೂಗಾಡಿದವು.

ಕತ್ತಲಾಗುತ್ತಿತ್ತು. ನಮ್ಮ ತಲೆಯ ಮೇಲೆ ಕಂಬದ ದೊಡ್ಡ ದೀಪ ಹೊತ್ತಿಕೊಂಡಿತು.

“ಇದು ಎಷ್ಟು ಹೊತ್ತು ಉರಿಯುತ್ತದೆ?”

“ಬೆಳಕ ಹರಿಯೂತನಕ ರೀ. ನಮಗ ನಿದ್ದಿನ ಇಲ್ಲ.”

ಆ ಗಿಡಗಳಿಗೂ ರಾತ್ರಿ ಇರಲಿಲ್ಲ; ದೀಪವೇ ಉದ್ದ ಹಗಲಾಗಿತ್ತು. ಕಾಯಿ ಇನ್ನೂ ಎಳೆಯದಾಗಿತ್ತು, ಬೀಜ ಬಲಿತಿರಲಾರದು. ಕಾಯಿ ವಿಷವೇ, ಆದರೆ ಗಿಡ ಕಳೆಯಲ್ಲ, ಆಲೂಗಡ್ಡೆಯೇ; ತಪ್ಪು ನನ್ನದು ಎಂದೆ. ಅವಳು ಗಡ್ಡೆಗಳನ್ನು ಸೆರಗಿಗೆ ಹಾಕಿಕೊಂಡು ನಕ್ಕಳು.

“ಇರ್ಲಿ ಬಿಡ್ರಿ. ತಿಂಗಳು ತಡದಿದ್ರ ಪಲ್ಯಾ ಆಕ್ಕಿತ್ತು, ಈಗ ಸಾರಿಗೆ ಹಾಕ್ತೀನಿ. ನೀವು ಏನ್ ಓದೀರಿ, ಅಕ್ಕಾರ?”

“ಇತಿಹಾಸ” ಎಂದೆ.