ಜಿಪುಣಕ್ಕ ಬರೆಸದ ನಂಬರ್

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಸಹಾಯವಾಣಿ ಕಚೇರಿಯ ಮೂಲೆಯ ಮೇಜಿನ ಮುಂದೆ ಒಬ್ಬ ಹೆಂಗಸು ಪರದೆಯನ್ನೇ ನೋಡುತ್ತ ಉಗುರು ಕಚ್ಚುತ್ತಿದ್ದಾರೆ. ಪಕ್ಕದ ಚಹಾ ತಣ್ಣಗಾಗಿ ಕೆನೆ ಕಟ್ಟಿದೆ. ಪರದೆಯ ಮೇಲೆ ಕೆಂಪಕ್ಷರದ ಒಂದೇ ಸಾಲು: ‘ಕರೆ ಕಡಿದಿದೆ. ವಿಳಾಸದ ಜಾಗ ಖಾಲಿ ಇತ್ತು.’ ಕರೆ ಮಾಡಿದ್ದು ಯಾರು, ಎಲ್ಲಿಂದ ಎಂಬುದು ಅದರಲ್ಲಿಲ್ಲ. ಇರಬಾರದು ಎಂದು ತೀರ್ಮಾನಿಸಿದವರು ಇವರೇ.

ಮನೆಯಲ್ಲಿ ಹೊಡೆತ ತಿನ್ನುವ ಹೆಂಗಸರು ಕರೆ ಮಾಡುವ ಜಾಗ ಇದು. ಇಲ್ಲಿನ ತಂತ್ರಾಂಶ ಎಲ್ಲಾದರೂ ಎಡವಿದರೆ, ಏನಾಯಿತೆಂದು ತಾನೇ ಬರೆದಿಡುತ್ತದೆ. ಎಷ್ಟು ಬರೆಯಬೇಕು, ಎಲ್ಲಿ ಬಾಯಿ ಮುಚ್ಚಬೇಕು ಎಂದು ಅದಕ್ಕೆ ಕಲಿಸುವುದು ಇವರ ಕೆಲಸ. ಒಂದು ಪದ ಹೆಚ್ಚು ಕೇಳಿದರೂ ಕೈ ಬಿಚ್ಚುವುದಿಲ್ಲವಾದ್ದರಿಂದ ಎಲ್ಲರಿಗೂ ಇವರು ಜಿಪುಣಕ್ಕ.

ಇವರು ಬರುವ ಮೊದಲು ತಂತ್ರಾಂಶ ಮಹಾ ಧಾರಾಳಿ. ಹೆಸರು, ನಂಬರ್, ಅಡಗಿರುವ ಜಾಗ, ಎಲ್ಲವನ್ನೂ ಬರೆದಿಡುತ್ತಿತ್ತು. ದುರಸ್ತಿಗೆ ಬರುವ ಹೊರಗಿನವರೂ ಅದನ್ನು ಓದುತ್ತಿದ್ದರು. ಅವರಲ್ಲೊಬ್ಬ, ಇಲ್ಲಿಗೆ ಕರೆ ಮಾಡಿದ್ದ ಜಿಪುಣಕ್ಕನ ತಂಗಿಯ ಮೈದುನ; ಓದಿದ್ದನ್ನು ಅಣ್ಣನಿಗೆ ಹೇಳಿದ. ಯಾರಿಗೂ ತಿಳಿಯದ ಬಾಡಿಗೆ ಕೋಣೆಯಲ್ಲಿ ಅಕ್ಕತಂಗಿಯರು ಅಡಗಿದ್ದಾಗ ತಂಗಿಯ ಗಂಡ ಬಂದು ಬಾಗಿಲು ಬಡಿದ.

“ನಾನು ಚಿಲಕ ಒತ್ತಿ ಹಿಡ್ಕೊಂಡು ನಿಂತಿದ್ದೆ. ಕೆಳಗಿನ ಮನೆಯವ್ರು ಓಡಿ ಬರ್ದೇ ಇದ್ದಿದ್ರೆ ಅವಳು ಇವತ್ತು ಇರ್ತಿರ್ಲಿಲ್ಲ. ಈಗ್ಲೂ ಹಾಲಿನವ್ನು ಬಾಗ್ಲು ತಟ್ಟಿದ್ರೆ ಎದೆ ಧಸಕ್ಕನ್ನುತ್ತೆ,” ಎಂದು ಅವರ ಬಗ್ಗೆ ಬರೆಯಲು ಬಂದಿರುವ ನನಗೆ ಹೇಳುತ್ತಾರೆ. ಬೇರೆ ಕಡೆ ಇದ್ದ ಒಳ್ಳೆಯ ಕೆಲಸ ಬಿಟ್ಟು ಇಲ್ಲಿ ಸೇರಿದ್ದು ಅದಾದ ಮೇಲೆ.

ಆದರೆ ಇವತ್ತಿನ ಭಯ ಬೇರೆಯದು. ಕಡಿದುಹೋದ ಕರೆಯನ್ನು ತೆಗೆದುಕೊಂಡಿದ್ದ ಹುಡುಗಿ ಕಣ್ಣು ಕೆಂಪಗೆ ಮಾಡಿಕೊಂಡು ಬಂದು ನಿಲ್ಲುತ್ತಾಳೆ.

“ಬರೀ ಉಸಿರು ಕೇಳಿಸ್ತು ಅಕ್ಕಾ. ಆಮೇಲೆ ಏನೋ ಬಿದ್ದ ಸದ್ದು. ಅಷ್ಟರಲ್ಲಿ ಎಲ್ಲಾ ಹೋಯ್ತು. ನೀವು ನಂಬರ್ ಒಂದನ್ನ ಬಿಟ್ಟಿದ್ರೆ ನಾನು ವಾಪಸ್ ಮಾಡ್ತಿದ್ದೆ.”

“ವಾಪಸ್ ಮಾಡಿದಾಗ ಫೋನು ಅವನ ಕೈಲಿದ್ರೆ?”

ಹುಡುಗಿ ತನ್ನ ಫೋನಿನ ಬಳಿಗೆ ಹಿಂತಿರುಗುತ್ತಾಳೆ. ಜಿಪುಣಕ್ಕ ಗೆದ್ದವರಂತೆ ಕಾಣುವುದಿಲ್ಲ. ಆ ಒಂದು ಸಾಲನ್ನೇ ಹಿಡಿದು ಅವರು ತಪ್ಪಿನ ಬೇರು ಹುಡುಕುತ್ತಾರೆ. ಎಲ್ಲಿದ್ದೇನೆಂದು ಹೇಳಲಾಗದವರ ಕರೆ ಬಂದರೆ, ವಿಳಾಸವಿಲ್ಲವೆಂದು ತಂತ್ರಾಂಶ ಕೈಚೆಲ್ಲಿ ಕರೆಯನ್ನೇ ಕಡಿದುಬಿಡುತ್ತಿದೆ. ನಿಜವಾಗಿ ಅಪಾಯದಲ್ಲಿರುವವರು ಅಂಥವರೇ ಅಲ್ಲವೇ? ಅದನ್ನು ಸರಿಪಡಿಸಿ, ಆಕೆ ಮತ್ತೆ ಕರೆ ಮಾಡಿಯಾಳೆಂದು ನೆಟ್ಟಗೆ ಕೂತು ಕಾಯುತ್ತಾರೆ.

“ತಪ್ಪು ಸರಿ ಮಾಡೋಕೆ ಅಷ್ಟು ಸಾಕಾಯ್ತು. ಅವಳನ್ನ ಉಳಿಸೋಕೆ ಸಾಕಾಯ್ತೋ ಇಲ್ವೋ, ಅದನ್ನ ಯಾರ್ನ ಕೇಳ್ಲಿ?” ಎಂದು ನನ್ನನ್ನೇ ಕೇಳುತ್ತಾರೆ.

ಕಿಟಕಿಯಾಚೆ ಕಸದ ಗಾಡಿ ಬಂದು ಹೋಗುತ್ತದೆ. ಫೋನುಗಳು ಸುಮ್ಮನಿವೆ. ಆಮೇಲೆ ಒಂದು ಮೊಳಗುತ್ತದೆ. ಹುಡುಗಿ ಎತ್ತಿಕೊಂಡು, ಕೇಳಿಸಿಕೊಂಡು, ನಮ್ಮತ್ತ ಕೈ ಎತ್ತುತ್ತಾಳೆ. ಪರದೆಯಲ್ಲಿ ವಿಳಾಸದ ಜಾಗ ಖಾಲಿ. ಕರೆ ಕಡಿಯುವುದಿಲ್ಲ.

“ಅವರೇನಾ?” ಎಂದು ಪಿಸುಗುಡುತ್ತೇನೆ.

“ಗೊತ್ತಿಲ್ಲ. ಗೊತ್ತಾಗ್ದೇ ಇರೋ ಹಾಗೆ ಮಾಡಿದ್ದೂ ನಾನೇ,” ಎನ್ನುತ್ತಾರೆ ಜಿಪುಣಕ್ಕ, ಆ ಖಾಲಿ ಜಾಗದಿಂದ ಕಣ್ಣು ಕೀಳದೆ. “ಅವಳೇ ಆಗಿರ್ಲಿ. ಅಷ್ಟೇ ಸಾಕು ನಂಗೆ.”