ಜಲಜಾಕ್ಷಿಯ ಹಿಂದಿ ಪೇಪರು

ಮರಾಠಿ ಸೀಮೆಯ ಕಳವಾ ಎಂಬ ಊರಿನಲ್ಲಿ ನಮ್ಮ ಪಕ್ಕದ ಮನೆಯ ಜಲಜಾಕ್ಷಿ ನಲವತ್ತು ದಾಟಿದ ಮೇಲೆ ಬಿ.ಎ. ಮೊದಲ ವರ್ಷಕ್ಕೆ ಸೇರಿದಳು. ಕಾಲೇಜಿಗೆ ಹೋಗಿ ಅಲ್ಲ, ಮನೆಯಲ್ಲೇ ಕೂತು, ದೂರಶಿಕ್ಷಣದಲ್ಲಿ. ಅದರಲ್ಲಿ ಶಿಕ್ಷಣಕ್ಕಿಂತ ದೂರವೇ ಜಾಸ್ತಿ ಎಂದು ನನಗೆ ಮೊದಲಿಂದಲೂ ಸಿಟ್ಟು. ಮೇಷ್ಟ್ರನ್ನು ಎದುರಿಗೆ ಕಂಡವರಿಲ್ಲ, ಕೇಳಿದ್ದಕ್ಕೆ ಉತ್ತರ ಬಂದದ್ದಿಲ್ಲ.

ಅವಳು ಕೋಪರಿಯ ಒಂದು ಬಾಲವಾಡಿಯಲ್ಲಿ ಆಯಾ. ಮಕ್ಕಳ ಮೂಗು ಒರೆಸುವವಳೂ ಅವಳೇ, ಟೀಚರ್ ರಜೆ ಹಾಕಿದ ದಿನ ಹಾಡು ಹೇಳಿಕೊಡುವವಳೂ ಅವಳೇ. ಅಲ್ಲಿನ ಮುಖ್ಯಸ್ಥೆ ಅನಸೂಯಾ ಮ್ಯಾಡಂ ಮಾತು ಕೊಟ್ಟಿದ್ದರು: ಮೊದಲ ವರ್ಷದ ಎಲ್ಲ ವಿಷಯ ಪಾಸಾಗಿ ಬಾ, ಜೂನ್‌ನಿಂದ ಚಿಕ್ಕ ಮಕ್ಕಳ ತರಗತಿ ನಿನ್ನದೇ. ಟೀಚರ್ ಅನ್ನಿಸಿಕೊಳ್ಳುವ ಆ ಆಸೆ ಅವಳ ನಿದ್ದೆಯನ್ನೇ ಕೆಡಿಸಿತ್ತು.

ಉಡುಪಿಯ ಕಡೆ ಕನ್ನಡದಲ್ಲೇ ಪಿ.ಯು.ಸಿ. ಓದಿದವಳು. ತರಕಾರಿ ಮಾರುವ ಭಾಜಿವಾಲನ ಹತ್ತಿರ ಚೌಕಾಸಿ ಮಾಡುವಷ್ಟು ಹಿಂದಿ ಚೆನ್ನಾಗಿಯೇ ಬರುತ್ತದೆ. ಪುಸ್ತಕದ ಹಿಂದಿ ಬೇರೆ. ಪರೀಕ್ಷೆ ಹತ್ತಿರ ಬಂದಾಗ ವಾಟ್ಸಾಪ್ ಗ್ರೂಪಿನಲ್ಲಿ ಹಿಂದಿ ಮೇಷ್ಟ್ರು ಬರೆದರು: "ಇಸ್ ಬಾರ್ ಪೂರಾ ಪೇಪರ್ ಉಪನ್ಯಾಸ್ ಪರ್ ಹೋಗಾ. ಉಪನ್ಯಾಸ್ ಅಚ್ಛೇ ಸೇ ದೇಖ್ ಲೇನಾ."

ಪೇಪರು ಪೂರ್ತಿ ಉಪನ್ಯಾಸದ ಮೇಲೆ, ಚೆನ್ನಾಗಿ ನೋಡಿಕೊಳ್ಳಿ ಎಂದು ಓದಿ ಜಲಜಾಕ್ಷಿಗೆ ಹೋದ ಜೀವ ಬಂದ ಹಾಗಾಯಿತು. ಆ್ಯಪಿನಲ್ಲಿದ್ದ ವಿಡಿಯೋ ಉಪನ್ಯಾಸಗಳನ್ನೆಲ್ಲ ನೋಡತೊಡಗಿದಳು. ಚಪಾತಿ ಲಟ್ಟಿಸುವಾಗ ಮೊಬೈಲನ್ನು ಹಿಟ್ಟಿನ ಡಬ್ಬಕ್ಕೆ ಒರಗಿಸಿ ನೋಡಿದಳು, ಲೋಕಲ್ ರೈಲಿನಲ್ಲಿ ನಿಂತುಕೊಂಡು ಕೇಳಿದಳು. ಭಾಷೆಯ ಇತಿಹಾಸ, ಪತ್ರಲೇಖನ, ಸಂಧಿ, ಸಮಾಸ ಎಲ್ಲ ಬಾಯಿಪಾಠ. ಪಾರ್ಸೆಲ್‌ನಲ್ಲಿ ಪಠ್ಯಗಳ ಜೊತೆ ಬಂದಿದ್ದ ದಪ್ಪ ಹಿಂದಿ ಕಾದಂಬರಿಯನ್ನು ಮಾತ್ರ ಕಪಾಟಿನ ಮೇಲೆ ಹಾಕಿದಳು. ಪರೀಕ್ಷೆ ಮುಗಿದ ಮೇಲೆ ಆರಾಮಾಗಿ ಓದುವ ಎಂದುಕೊಂಡಳು, ಪಾಪ.

ಪರೀಕ್ಷೆಯ ದಿನ ಪ್ರಶ್ನೆಪತ್ರಿಕೆ ಕೈಗೆ ಬಂದರೆ ಅದರ ತುಂಬ ಯಾರ್ಯಾರದೋ ಹೆಸರು. ಇಂಥವನ ಸ್ವಭಾವ ವಿವರಿಸಿ, ಇಂಥವಳು ಮನೆ ಬಿಟ್ಟದ್ದೇಕೆ. ಅವಳು ಎದ್ದು ನಿಂತು ಮೇಲ್ವಿಚಾರಕರನ್ನು ಕೇಳಿದಳು, "ಸರ್, ಉಪನ್ಯಾಸ್ ಕಾ ಸವಾಲ್ ಕಿಧರ್ ಹೈ?"

"ಸಬ್ ಉಪನ್ಯಾಸ್ ಕಾ ಹೀ ತೋ ಹೈ. ಬೈಠಿಯೇ."

ಎಲ್ಲವೂ ಉಪನ್ಯಾಸದ್ದೇ ಅಂದಮೇಲೆ ಕೂತಳು. ಇನ್ನೇನು ಮಾಡಬೇಕಿತ್ತು? ಅವಳಿಗೆ ಬರುತ್ತಿದ್ದ ಒಂದನ್ನೂ ಅವರು ಕೇಳಿರಲಿಲ್ಲ.

ಸಂಜೆ ಮಗಳು ಮಾನಸಿ ಆ ಪ್ರಶ್ನೆಪತ್ರಿಕೆ ನೋಡುವಾಗ ನಾನೂ ಅಲ್ಲಿದ್ದೆ. ಇಲ್ಲೇ ಹುಟ್ಟಿ ಬೆಳೆದ ಹುಡುಗಿ; ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. "ಅರೇ ಮಮ್ಮಿ, ಉಪನ್ಯಾಸ್ ಮತ್ಲಬ್ ನಾವೆಲ್! ಕಾದಂಬರಿ!" ಎಂದು ನಕ್ಕಳು. ಮರಾಠಿಯವರೂ ನಮ್ಮ ಹಾಗೆ ಕಾದಂಬರಿ ಎನ್ನುತ್ತಾರೆ, ಹಿಂದಿಯವರಿಗೆ ಅದು ಉಪನ್ಯಾಸವಂತೆ. ತಾಯಿಯ ಮುಖ ನೋಡಿದ್ದೇ ಹುಡುಗಿಯ ನಗು ನಿಂತಿತು. ಹಿಂದಿ ಹೋದರೆ ಜೂನ್‌ನ ತರಗತಿಯೂ ಹೋದಂತೆ ಎಂದು ಅವಳಿಗೂ ಗೊತ್ತಿತ್ತು.

"ಮುಝೇ ಪೂಛಾ ಕ್ಯೂಂ ನಹೀಂ?" ಎಂದಳು ಮಾನಸಿ, ಮೆಲ್ಲಗೆ.

"ಗೊತ್ತಿಲ್ಲದ ಶಬ್ದ ಆಗಿದ್ರೆ ಕೇಳ್ತಿದ್ದೆ ಮಾರಾಯ್ತಿ," ಎಂದಳು ಜಲಜಾಕ್ಷಿ. "ಇದು ನಂಗೆ ಗೊತ್ತಿತ್ತಲ್ಲ."