ಸಭೆಯ ಪುಸ್ತಕದಲ್ಲಿ ಕುಸ್ತಾವಳ ಸಾಲು

ಕುಸ್ತಾವ ಕೇತೊ ತನ್ನ ಬದುಕಿನ ಮೂವತ್ತೊಂಬತ್ತು ವರ್ಷಗಳನ್ನು ಒಂದು ಪುಸ್ತಕಕ್ಕೆ ಹೆದರಿಕೊಂಡು ಕಳೆದಳು. ಅದು ಪೈನ್ ರಿಜ್‌ನ ಫಿನ್ನಿಷ್ ಲೂಥರನ್ ಕ್ರೈಸ್ತ ಸಭೆಯ ದೊಡ್ಡ ಪುಸ್ತಕ. ಕಪ್ಪು ರಟ್ಟು, ಹಿತ್ತಾಳೆಯ ಮೂಲೆಗಳು. ಸಭೆಯವರು ಎಲ್ಲಿ ಹುಟ್ಟಿದರು, ಯಾವ ವರ್ಷ ಹಡಗು ಹತ್ತಿದರು, ಯಾವ ಭಾನುವಾರ ಪ್ರಭುಭೋಜನದ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಂಡರು ಎಂಬುದೆಲ್ಲ ಅದರಲ್ಲಿತ್ತು. ಓದಲು ಬರುತ್ತದೆಯೇ ಎಂಬುದೂ ಇತ್ತು.

ಕುಸ್ತಾವಳಿಗೆ ಓದಲು ಬರುತ್ತಿರಲಿಲ್ಲ.

ಅವಳು ಹುಟ್ಟಿದ ಫಿನ್ಲೆಂಡಿನ ಹಳ್ಳಿಯಲ್ಲಿ ಓದು ಬಾರದವರಿಗೆ ಸಭೆಯ ಪೂರ್ಣ ಸದಸ್ಯರಾಗುವ ದೃಢೀಕರಣವಿಲ್ಲ, ದೃಢೀಕರಣವಿಲ್ಲದವರಿಗೆ ಮದುವೆಯಿಲ್ಲ. ಅಕ್ಷರಗಳು ಅವಳ ಕಣ್ಣಿಗೆ ನಿಲ್ಲುತ್ತಿರಲಿಲ್ಲ. ಕಿವಿಗೆ ಬಿದ್ದದ್ದು ಮಾತ್ರ ಬಿಟ್ಟು ಹೋಗುತ್ತಿರಲಿಲ್ಲ. ಅಜ್ಜಿ ನೂಲುತ್ತ ಹಾಡುತ್ತಿದ್ದ ಗೀತೆಗಳು, ಧರ್ಮಬೋಧೆಯ ಪ್ರಶ್ನೋತ್ತರ ಪುಸ್ತಕ ಎಲ್ಲವೂ ಹತ್ತನೆಯ ವಯಸ್ಸಿಗೇ ಬಾಯಿಗೆ ಬಂದಿದ್ದವು. ಹದಿನೈದಕ್ಕೆ ಪರೀಕ್ಷೆಗೆ ನಿಂತಾಗ ಪಾದ್ರಿ ಪುಟ ತೆರೆದು ಕೊಟ್ಟು ಗೀತೆಯ ಹೆಸರು ಹೇಳಿದರು. ಅವಳು ಸಾಲುಗಳ ಮೇಲೆ ಕಣ್ಣಾಡಿಸುತ್ತ ಬಾಯಿಪಾಠ ಒಪ್ಪಿಸಿದಳು. 1892ರಲ್ಲಿ, ಇಪ್ಪತ್ತೆರಡರ ಹುಡುಗಿಯಾಗಿ ಅಮೆರಿಕದ ಮಿಷಿಗನ್ನಿಗೆ ಬಂದಿಳಿದಾಗ ಅವಳ ಚೀಲದಲ್ಲಿದ್ದ, ಊರಿನ ಪಾದ್ರಿ ಕೊಟ್ಟ ವರ್ಗಾವಣೆ ಪತ್ರದಲ್ಲಿ 'ಚೆನ್ನಾಗಿ ಓದುತ್ತಾಳೆ' ಎಂದಿತ್ತು.

ಬಂದದ್ದು ಕಬ್ಬಿಣದ ಗಣಿಯಲ್ಲಿದ್ದ ಈಸಾಕ್ಕಿ ಕೇತೊನನ್ನು ಮದುವೆಯಾಗಲು. ಪೈನ್ ರಿಜ್ ಸಭೆಗೆ ಆಗ ಒಂದೇ ವರ್ಷ. ಚರ್ಚಿನ್ನೂ ಕಟ್ಟಿರಲಿಲ್ಲ. ರೀಕಾ ಎಂಬ ವಿಧವೆ ಗಣಿಯವರಿಗೆ ಊಟ ಹಾಕುತ್ತಿದ್ದ ಮನೆಯಲ್ಲಿ, ಉದ್ದದ ಮೇಜಿನ ಸುತ್ತ ಪ್ರಾರ್ಥನೆ ನಡೆಯುತ್ತಿತ್ತು. ಪಾದ್ರಿ ಹೆಲ್ಸ್ಟೆನ್ ಊರಿನ ಪದ್ಧತಿಯನ್ನು ಒಂದೂ ಬಿಡದೆ ಹಡಗಿನಲ್ಲಿ ತಂದಿದ್ದವರು. ಅದರಲ್ಲಿ ಕಿಂಕೆರಿಯೂ ಒಂದು: ಚಳಿಗಾಲದಲ್ಲಿ ಕೇರಿಯವರೆಲ್ಲ ಒಂದು ಮನೆಯಲ್ಲಿ ಸೇರಬೇಕು, ಪಾದ್ರಿ ಒಬ್ಬೊಬ್ಬರನ್ನೇ ಎಬ್ಬಿಸಿ ಓದಿಸಬೇಕು, ಆಮೇಲೆ ಮಾಂಸದ ಸಾರು ಮತ್ತು ಕಾಫಿ. ಅಮೆರಿಕದ ಕಾನೂನು ಮದುವೆಗೆ ಓದು ಕೇಳುತ್ತಿರಲಿಲ್ಲ. ಹೆಲ್ಸ್ಟೆನ್ ಕೇಳುತ್ತಿದ್ದರು. ನ್ಯಾಯಾಧೀಶರ ಮುಂದೆ ಮದುವೆಯಾಗಿ ಬಂದ ಹೆಣ್ಣಿಗೆ ರೀಕಾಳ ಮನೆಯಲ್ಲಿ ಯಾರೂ ಕುರ್ಚಿ ಎಳೆದು ಕೊಡುತ್ತಿರಲಿಲ್ಲ.

ಆ ವರ್ಷದ ಕಿಂಕೆರಿಯ ದಿನ ಕುಸ್ತಾವ ಬಾಗಿಲ ಬಳಿಯೇ ನಿಂತದ್ದನ್ನು ರೀಕಾ ಗಮನಿಸಿದಳು.

"ಯಾಕೇ ಹೆದರ್ತೀಯ? ನಿನ್ನ ಈಸಾಕ್ಕಿ ಹೋದ್ಸಲ ಹತ್ತು ಆಜ್ಞೇಲಿ ಏಳೇ ಹೇಳಿದ್ದು. ಉಳಿದ ಮೂರು ಎಲ್ಲಪ್ಪಾ ಅಂದ್ರೆ, ಗಣೀಲಿ ಬಿಟ್ಟು ಬಂದಿದೀನಿ ಅಂದ."

ಜನ ನಕ್ಕರು. ಈಸಾಕ್ಕಿಯೂ ನಕ್ಕ. ಹೆಲ್ಸ್ಟೆನ್ ಆ ವಾರವೇ ಪೆಟ್ಟಿಗೆಯಲ್ಲಿ ಬಂದಿದ್ದ ಗೀತೆಪುಸ್ತಕವೊಂದನ್ನು ತೆರೆದು ಕುಸ್ತಾವಳ ಕೈಗಿಟ್ಟರು.

"ಬೆಳಗಿನ ಗೀತೆ. ಓದಮ್ಮ."

ಅವಳು ಅಜ್ಜಿಯ ಗೀತೆಯನ್ನು ಶುರುಮಾಡಿದಳು. ಎರಡನೆಯ ಸಾಲಿಗೆ, ತಮ್ಮ ಪ್ರತಿಯ ಮೇಲೆ ಜಾರುತ್ತಿದ್ದ ಪಾದ್ರಿಯ ಬೆರಳು ನಿಂತಿತು. ಕುಸ್ತಾವ ಅದನ್ನು ಕಂಡಳು, ಆದರೆ ಯಾಕೆಂದು ತಿಳಿಯಲಿಲ್ಲ. ಫಿನ್ಲೆಂಡಿನಲ್ಲಿ ಹಳೆಯ ಗೀತೆಪುಸ್ತಕ ಹೋಗಿ ಹೊಸದು ಬಂದು ಆರು ವರ್ಷವಾಗಿದ್ದರೂ ಅವಳ ಹಳ್ಳಿಯಲ್ಲಿ ಹಳೆಯದನ್ನೇ ಹಾಡುತ್ತಿದ್ದರು. ರಾಗಗಳು ಹಳೆಯವೇ, ಮಾತುಗಳನ್ನು ತಿದ್ದಿ ಬೇರೆ ಮಾಡಿದ್ದರು. ಓದಬಲ್ಲ ಯಾರೂ ಮಾಡಲಾಗದ ತಪ್ಪನ್ನು ಅವಳು ಮಾಡುತ್ತಿದ್ದಳು: ಹೊಸ ಪುಸ್ತಕ ಹಿಡಿದು ಹಳೆಯದನ್ನು ಓದುತ್ತಿದ್ದಳು.

"ಅಲ್ಲಾ, ಇದು ನಮ್ಮಮ್ಮ ಹೇಳ್ತಿದ್ದ ಹಾಡಲ್ವಾ?" ಎಂದಳು ರೀಕಾ. "ಹೊಸದ್ರಲ್ಲೂ ಹಂಗೇ ಇಟ್ಟಿದಾರಾ? ಎಲ್ಲಿ, ಇಲ್ಲಿ ಕೊಡೇ ನೋಡೋಣ." ಅವಳ ಕೈ ಮೇಜು ದಾಟಿ ಬಂತು.

ಹೆಲ್ಸ್ಟೆನ್ ಆ ಪುಟದ ಮೇಲೆ ತಮ್ಮ ಅಂಗೈ ಇಟ್ಟರು. "ಇರ್ಲಿ ರೀಕಮ್ಮ, ಸಾರು ನೋಡು ಹೋಗು. ಕುಸ್ತಾವ, ಓದಿದ್ದು ಸಾಕು, ಕೂತ್ಕೋ."

ಅವರು ಸಭೆಯ ಪುಸ್ತಕದಲ್ಲಿ ಅದೇನನ್ನೋ ಬರೆದುಕೊಂಡರು. ಮುಂದಿನ ಭಾನುವಾರ ಮದುವೆಯ ಪ್ರಕಟಣೆ ಓದಿದರು. ಎರಡು ವರ್ಷದ ಮೇಲೆ ಬೇರೆ ಊರಿಗೆ ಹೋದರು. ಅಷ್ಟು ದಿನದಲ್ಲಿ ಆ ಮಾತು ಅವರ ಬಾಯಿಂದ ಬರಲಿಲ್ಲ. ಹಳೆಯದು ಹೊಸದು ಎಂಬ ವ್ಯತ್ಯಾಸ ಕುಸ್ತಾವಳಿಗೆ ತಿಳಿದದ್ದು ಮದುವೆಯಾದ ತಿಂಗಳಿಗೆ, ಎಲ್ಲರೂ ಹೊಸ ಮಾತುಗಳಲ್ಲಿ ಹಾಡತೊಡಗಿದಾಗ. ಹಾಡಿನ ನಡುವೆಯೇ ಅವಳು ಬೆಂಚಿನ ಮೇಲೆ ಕುಳಿತುಬಿಟ್ಟಳು. ಬಸಿರಿರಬೇಕು ಎಂದರು ಹೆಂಗಸರು.

ಪಾದ್ರಿಗೆ ಗೊತ್ತಿತ್ತು. ಬರೆದಿಟ್ಟಿದ್ದರು. ಏನು ಬರೆದಿದ್ದಾರೆಂದು ಓದಲು ಅವಳಿಗೆ ಬಾರದು.

ಅಲ್ಲಿಂದ ಪ್ರತಿ ಚಳಿಗಾಲ ಕಿಂಕೆರಿಗೆ ಮುಂಚಿನ ವಾರ ಅವಳಿಗೆ ಊಟ ಸೇರುತ್ತಿರಲಿಲ್ಲ. ಹೊಸ ಗೀತೆಗಳನ್ನು ಕಿವಿಯಿಂದಲೇ ಕಲಿತಳು. ನಾಲ್ವರು ಪಾದ್ರಿಗಳು ಬಂದು ಹೋದರು. ಅವರೆಲ್ಲರ ಮುಂದೆ ನೀರು ಹರಿದಂತೆ ಒಪ್ಪಿಸಿದಳು. ಅದಕ್ಕಿಂತ ದೊಡ್ಡ ಹೆದರಿಕೆ ಪ್ರಭುಭೋಜನದ್ದು. ಅಯೋಗ್ಯವಾಗಿ ತಿಂದವರು ತಮ್ಮ ಶಿಕ್ಷೆಯನ್ನೇ ತಿನ್ನುತ್ತಾರೆಂಬ ಮಾತು ಅವಳಿಗೆ ಬಾಯಿಪಾಠವಾಗಿತ್ತು. ಸುಳ್ಳಿನ ಮೇಲೆ ದೃಢೀಕರಣ, ಅದರ ಮೇಲೆ ಮದುವೆ. 1909ರಲ್ಲಿ ಗಣಿಯ ಛಾವಣಿ ಕುಸಿದು ಈಸಾಕ್ಕಿ ಸತ್ತಾಗ ಊರವರು ಮರದ ಆಸರೆಗಳನ್ನು ದೂರಿದರು. ಕುಸ್ತಾವ ತನ್ನನ್ನು ಬಿಟ್ಟು ಬೇರೆ ಯಾರನ್ನೂ ದೂರಲಿಲ್ಲ.

ಆಮೇಲೆ ಅವಳು ಚರ್ಚಿನ ಕಸಗುಡಿಸುವ, ಒಲೆ ಹಚ್ಚುವ ಕೆಲಸಕ್ಕೆ ಸೇರಿದಳು. ಪುಸ್ತಕದ ಹತ್ತಿರ ಇರುವುದೇ ಮೇಲೆಂದು ಅವಳಿಗೆ ಅನ್ನಿಸಿರಬೇಕು. ಅಷ್ಟರಲ್ಲಿ ಅಚ್ಚಿನ ಅಕ್ಷರಗಳು ಒಂದಿಷ್ಟು ಬಂದಿದ್ದವು. ಮಗಳು ಸೈಮಾ ಚರ್ಚಿನ ಬೇಸಿಗೆ ಶಾಲೆಯಿಂದ ಹುಂಜದ ಚಿತ್ರವಿದ್ದ ಅಕ್ಷರಮಾಲೆ ತಂದಾಗ, ರೈ ಹಿಟ್ಟು ನಾದುತ್ತ ಅವಳಿಂದ ಗಟ್ಟಿಯಾಗಿ ಓದಿಸುತ್ತಿದ್ದಳು. "ಬೆರಳಿಟ್ಟು ಓದು, ನಂಗೆ ಕಾಣ್ಬೇಕು." ಅಮ್ಮ ಬಹಳ ಕಟ್ಟುನಿಟ್ಟು ಎಂದುಕೊಂಡಿದ್ದಳು ಸೈಮಾ.

ಒಂದು ಈಸ್ಟರಿನ ಶುಚಿಕೆಲಸಕ್ಕೆ ಚರ್ಚಿನ ಕಪಾಟು ಖಾಲಿ ಮಾಡಿದಾಗ ಪುಸ್ತಕ ಅವಳ ಕೈಗೆ ಸಿಕ್ಕಿತು. ತನ್ನ ಹೆಸರು ಗುರುತು ಹತ್ತಿತು. ಹೆಸರಿನ ಮುಂದೆ ಎರಡು ಅಂಕಣ. ಬಾಯಿಪಾಠದ ಅಂಕಣದಲ್ಲಿ ಹೆಲ್ಸ್ಟೆನ್ ಎಲ್ಲಕ್ಕಿಂತ ಮೇಲ್ದರ್ಜೆಯ ಗುರುತು ಹಾಕಿದ್ದರು. ಓದಿನ ಅಂಕಣ ಖಾಲಿ. ಮೇಲೆ, ಕೆಳಗೆ, ಆ ಪುಟದಲ್ಲಿ ಬೇರೆ ಯಾರ ಸಾಲಿನಲ್ಲೂ ಖಾಲಿ ಇರಲಿಲ್ಲ. ಆಮೇಲೆ ಬಂದ ನಾಲ್ವರೂ ಅದನ್ನು ತುಂಬಿರಲಿಲ್ಲ; ಅಂದರೆ ಅವರಿಗೂ ಗೊತ್ತಿತ್ತು. ಯಾರಾದರೂ ಒಬ್ಬರು ಒಂದು ದಿನ ಕೇಳಿಯೇ ಕೇಳುತ್ತಾರೆ.

ಆ ದಿನ 1931ರ ಜನವರಿಯಲ್ಲಿ ಬಂತು. ಸಭೆಗೆ ನಲವತ್ತು ತುಂಬಿತ್ತು. ಹೊಸ ಪಾದ್ರಿ ರೌತಿಲಾ ಅಮೆರಿಕದಲ್ಲೇ ಹುಟ್ಟಿದವರು. ಆರಾಧನೆ ಮುಗಿದ ಮೇಲೆ ಹೇಳಿದರು: "ಹಳೇ ಪುಸ್ತಕ ಹರಿದು ಹೋಗ್ತಿದೆ. ಎಲ್ಲಾ ಹೆಸರು ಹೊಸದಕ್ಕೆ ಇಳಿಸ್ತಿದೀನಿ. ಎಲ್ಲೆಲ್ಲಿ ಖಾಲಿ ಬಿಟ್ಟಿದೆಯೋ ಕಿಂಕೆರೀಲಿ ಕೇಳಿ ತುಂಬಿಸ್ತೀನಿ. ಅರ್ಧಂಬರ್ಧ ಸಾಲು ಹೊಸ ಪುಸ್ತಕಕ್ಕೆ ಹೋಗಲ್ಲ."

ಪುಸ್ತಕದಲ್ಲಿ ಹೆಸರಿಲ್ಲದವರಿಗೆ ಸಭೆಯ ಸ್ಮಶಾನದಲ್ಲಿ ಜಾಗವಿರಲಿಲ್ಲ. ಈಸಾಕ್ಕಿಯ ಪಕ್ಕದ ನೆಲ ಇಪ್ಪತ್ತೆರಡು ವರ್ಷದಿಂದ ಅವಳಿಗಾಗಿ ಕಾದಿತ್ತು.

"ನೀನ್ಯಾಕಮ್ಮ ಮುಖ ಹಿಂಗೆ ಮಾಡ್ಕೊಂಡಿದೀಯ?" ಎಂದಳು ಸೈಮಾ. "ಇಡೀ ಗೀತೆಪುಸ್ತಕ ನಿನ್ನ ಬಾಯಲ್ಲಿದೆ."

"ಅದೇ ಕಣೇ ಕಷ್ಟ," ಎಂದಳು ಕುಸ್ತಾವ.

ಆ ಸಲದ ಕಿಂಕೆರಿ ಅವಳ ಮನೆಯಲ್ಲೇ ಬಿತ್ತು. ಇಪ್ಪತ್ತಾರು ಜನ. ಏಲಕ್ಕಿ ಬ್ರೆಡ್ಡು ಒಲೆಯ ಮೇಲೆ ಬೆಚ್ಚಗಿತ್ತು. ರೌತಿಲಾ ಹಳೆಯ ಪುಸ್ತಕವನ್ನು ತೊಡೆಯ ಮೇಲೆ ತೆರೆದುಕೊಂಡಿದ್ದರು. ಅವಳ ಸರದಿ ಬಂದಾಗ ಅವರು ತುಸು ಹೊತ್ತು ಆ ಸಾಲನ್ನೇ ನೋಡಿದರು. ಆಮೇಲೆ ಗೀತೆಪುಸ್ತಕ ಚಾಚಿ, "ನಿಮಗಿಷ್ಟ ಬಂದಿದ್ದು ಓದಿ ಕುಸ್ತಾವಮ್ಮ," ಎಂದರು.

ತಪ್ಪಿಸಿಕೊಳ್ಳುವ ಬಾಗಿಲು ತೆರೆದೇ ಇತ್ತು. ಯಾವ ಗೀತೆಯನ್ನಾದರೂ ಒಪ್ಪಿಸಿ ಕೂರಬಹುದಿತ್ತು, ಅಂಕಣ ತುಂಬುತ್ತಿತ್ತು. ಅವಳು ಪುಸ್ತಕ ತೆಗೆದುಕೊಳ್ಳಲಿಲ್ಲ.

"ಇದು ಬೇಡ," ಎಂದಳು, ಪಕ್ಕದವರಿಗೂ ಕೇಳಿಸದಷ್ಟು ಮೆಲ್ಲಗೆ. "ನಂಗೆ ಬಾಯಿಗೆ ಬರದೇ ಇರೋದು ಕೊಡಿ."

ರೌತಿಲಾ ತಮ್ಮ ಚೀಲದಿಂದ ತೆಳು ಹೊತ್ತಗೆಯೊಂದನ್ನು ತೆಗೆದರು. ನಲವತ್ತನೆಯ ವರ್ಷಕ್ಕೆಂದು ಅಚ್ಚಾಗಿ ಹಿಂದಿನ ದಿನವಷ್ಟೇ ಬಂದ ಸಭೆಯ ಇತಿಹಾಸ. ಅದನ್ನು ಯಾರೂ ಇನ್ನೂ ಕೇಳಿರಲಿಲ್ಲ.

ಕುಸ್ತಾವ ಸಾಲಿನ ಕೆಳಗೆ ಬೆರಳಿಟ್ಟಳು. "ಹದಿ... ಹದಿನೇಳು ಜನ ಗಂ... ಗಂಡಸರು," ಎಂದು ಓದಿದಳು. ನಿಂತಳು. "ರೀಕಾ... ರೀಕಾಳ ಊಟದ ಮನೆಯಲ್ಲಿ ಸೇ... ಸೇರಿ." ಕೋಣೆಯಲ್ಲಿ ಯಾರೋ ಕೆಮ್ಮಿದರು. ಕೆಲವರು ನೆಲ ನೋಡಿದರು. ಎರಡು ವಾಕ್ಯ ಮುಗಿಯುವ ಹೊತ್ತಿಗೆ ಒಲೆಯ ಮೇಲಿನ ಕಾಫಿ ಉಕ್ಕಿತು. ಎದ್ದು ಇಳಿಸಲು ಯಾರಿಗೂ ಧೈರ್ಯವಾಗಲಿಲ್ಲ.

ರೌತಿಲಾ ಪೆನ್ನು ಅದ್ದಿ ಖಾಲಿ ಅಂಕಣದಲ್ಲಿ ಒಂದು ಗುರುತು ಹಾಕಿದರು. ಎಲ್ಲಕ್ಕಿಂತ ಕೆಳದರ್ಜೆಯದು. ಶಾಯಿ ಆರುವವರೆಗೆ ಅವಳು ನೋಡುತ್ತ ನಿಂತಿದ್ದಳು.

ಸಾರು ಬಡಿಸುವಾಗ ನೆರೆಯವಳೊಬ್ಬಳು ಸೈಮಾಳ ಕಿವಿಯಲ್ಲಿ ಹೇಳಿದಳು: "ಎಷ್ಟು ಚೆನ್ನಾಗಿ ಓದ್ತಿದ್ರು ಪಾಪ. ನಿಮ್ಮಮ್ಮಂಗೆ ಕಣ್ಣು ಹೋಗ್ತಿದೆ ನೋಡು. ಕನ್ನಡಕ ಮಾಡಿಸೇ."

ಕುಸ್ತಾವಳಿಗೆ ಅದು ಕೇಳಿಸಿತು. "ಮಾಡಿಸ್ಬೇಕು," ಎಂದು ನೆರೆಯವಳ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದಳು.